ಎಳ್ಳೋ, ವೇಳೆಯೋ

ಹೋದ ವಾರ ಔರಾದದಿಂದ ಬೀದರಿಗೆ ಬರುವ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನ ಹೆಂಗಸು ತೊಡೆಯ ಮೇಲೆ ದೊಡ್ಡದೊಂದು ಸ್ಟೀಲಿನ ಡಬ್ಬಿ ಇಟ್ಟುಕೊಂಡು ಕೂತಿದ್ದರು. ಮುಚ್ಚಳದ ಸುತ್ತ ಟವೆಲ್ಲು ಬಿಗಿದಿದ್ದರೂ ಭಜ್ಜಿಯ ವಾಸನೆ ಬಸ್ಸು ತುಂಬಿತ್ತು. ನಮ್ಮ ಬೀದರದವರಿಗೆ ಭಜ್ಜಿ ಎಂದರೆ ಎಣ್ಣೆಯಲ್ಲಿ ಕರಿದದ್ದಲ್ಲ. ಹಸಿ ಅವರೆ, ಹಸಿ ತೊಗರಿ, ಕಡಲೆಯ ಎಳೆ ಸೊಪ್ಪು, ಮೆಂತೆ, ಬದನೆ ಹೀಗೆ ಆ ಹೊತ್ತಿಗೆ ಹೊಲದಲ್ಲಿ ಏನಿದೆಯೋ ಅದೆಲ್ಲವನ್ನೂ ಕಡಲೆಹಿಟ್ಟು ಹಾಕಿ ಕುದಿಸಿದ್ದು. ಎಳ್ಳ ಅಮಾವಾಸ್ಯೆಯ ದಿನ ಹೊಲದಲ್ಲಿ ಕೂತು ಉಣ್ಣುವ ಊಟ ಅದು. ಕಂಡಕ್ಟರ್ ಬಂದು, "ನಿಮಗ ತಿಕೀಟು ಫುಕಟ್ ಅದ ಬಾಯಿ, ಡಬ್ಬಿಗಿಲ್ಲ. ಇಲ್ಲಾಂದ್ರ ಜರಾ ರುಚಿ ತೋರಿಸ್ರಿ" ಎಂದ. ಎಲ್ಲರೂ ನಕ್ಕರು. ನಾನು ಕಿಟಕಿಯ ಆಚೆ ಜೋಳದ ಹೊಲಗಳನ್ನು ನೋಡುತ್ತ, ಔರಾದದಲ್ಲಿ ನೌಕರಿ ಮಾಡಿದ ಆ ಒಂದು ಚಳಿಗಾಲವನ್ನು ನೆನೆದೆ.

ಆಗ ನಾನು ಔರಾದದ ಒಂದು ಸಣ್ಣ ಗ್ರಂಥಾಲಯದಲ್ಲಿದ್ದೆ. ಬೆಳಿಗ್ಗೆ ಪೇಪರು ಓದುವ ಮುದುಕರು, ಮಧ್ಯಾಹ್ನ ನೌಕರಿಯ ಪರೀಕ್ಷೆಗೆ ಓದುವ ಹುಡುಗ ಹುಡುಗಿಯರು, ಸಂಜೆ ಯಾರೂ ಇಲ್ಲ. ಒಳಗಿನ ಗೋಡೆಗೆ ಅಧ್ಯಾತ್ಮದ ಕಪಾಟು. ಆತ್ಮ, ಬ್ರಹ್ಮ, ಯೋಗ, ಋಷಿಗಳು ಕಂಡ ವಿಜ್ಞಾನ ಇತ್ಯಾದಿ. ಅವನ್ನು ಒರೆಸಿಡುವುದು ನನ್ನ ಕೆಲಸ, ಓದುವುದಲ್ಲ ಎಂದು ತಿಳಿದಿದ್ದೆ. ನಾನು ಸಂತಪುರದ ಬೌದ್ಧರ ಮನೆಯವಳು. ನಮ್ಮಲ್ಲಿ ದೇವರ ಜಗಲಿ ಇಲ್ಲ. ಗೋಡೆಯ ಮೇಲೆ ಬುದ್ಧನ ಪಟ, ಅಪ್ಪನ ಬಾಯಲ್ಲಿ ಮರಾಠಿ ಹಾಡು. ನಮ್ಮ ಸಭೆ, ಭಾಷಣ, ಹಾಡು ಎಲ್ಲ ಮರಾಠಿಯಲ್ಲೇ ನಡೆಯುತ್ತಿದ್ದರಿಂದ ಸಾಲೆಯಲ್ಲಿ ಕಲಿಯದ ಮರಾಠಿ ನನಗೆ ಮನೆಯಲ್ಲಿ ಬಂತು. ಆ ಮರಾಠಿಯೇ ನನ್ನನ್ನು ಈ ಸಂಗತಿಯೊಳಗೆ ಎಳೆದದ್ದು.

ಬೀದರದ ಚೌಬಾರಾ ಹತ್ತಿರ ಕಾಶೀನಾಥಪ್ಪ ಅನ್ನುವವರ ಅಂಗಡಿ ಇತ್ತು. ಸಾಲೆ ಪುಸ್ತಕ, ವಿಭೂತಿ, ಊದುಬತ್ತಿ ಮಾರುತ್ತಿದ್ದರು. ವರ್ಷಕ್ಕೆ ಎರಡು ಮೂರು ಅಧ್ಯಾತ್ಮದ ಪುಸ್ತಕಗಳನ್ನೂ ಅಚ್ಚು ಹಾಕಿಸುತ್ತಿದ್ದರು. ಹಣೆತುಂಬ ವಿಭೂತಿ ಹಚ್ಚಿ, ಗಿರಾಕಿಗಳಿಗೆಲ್ಲ ಶರಣು ಎಂದು ಕೈಮುಗಿದು, ಆಮೇಲೆ ದರದಲ್ಲಿ ಒಂದಿಷ್ಟೂ ಬಿಡದ ಮನುಷ್ಯ. ದಸರೆ ಮುಗಿದ ಮೇಲೆ ಗ್ರಂಥಾಲಯದ ಖರೀದಿಗೆ ಹೋದಾಗ ನನ್ನನ್ನು ಕೂಡಿಸಿ ಚಹಾ ತರಿಸಿದರು. ಅವರು ಚಹಾ ತರಿಸಿದರೆ ಏನೋ ಇದೆ ಎಂದು ಅರ್ಥ.

"ತಂಗಿ, ಭಾಲ್ಕಿದಾಗ ಒಬ್ರು ಮರಾಠಿ ಗುರುಜಿ ಇದ್ದಾರ. ಹಿಂದೂ ವಿಚಾರ, ಗಿಡ-ಮರ, ಮಣ್ಣು-ನೀರು ಎಲ್ಲಾ ಕೂಡ್ಸಿ ಒಂದು ಪುಸ್ತಕ ಬರ್ದಾರ. ನೀ ಕನ್ನಡ ಮಾಡ್ಕೊಡ್ತಿ ಏನು?"

"ನಾ ಬೌದ್ಧ ಇದ್ದೀನ್ರಿ ಅಣ್ಣಾ. ನನ್ನ ಕಡಿಂದ ಯಾಕ ಮಾಡಸ್ತೀರಿ?"

"ಮಣ್ಣಿಗಿ ಏನ್ ಗೊತ್ತಾಗ್ತದ ನೀ ಯಾರಂತ? ವ್ಯಾಕರಣ ಬರೋಬ್ಬರಿ ಇದ್ರ ಸಾಕು."

ಮುಖಪುಟದ ಮೇಲೆ ನನ್ನ ಹೆಸರಿರಬೇಕು ಎಂದೆ. ಹೊರಗೆ ಜಾಗವಿರುವುದಿಲ್ಲ, ಒಳಗೆ ಹಾಕುತ್ತೇನೆ ಎಂದರು. "ಒಳಗ ಜಾಗ ಇದ್ರ ಹೊರಗೂ ಇರ್ತದ್ರಿ" ಎಂದೆ. ಅವರು ನಕ್ಕು, ಸಣ್ಣ ಅಕ್ಷರದಲ್ಲಿ ಎನ್ನುವ ಕರಾರಿನ ಮೇಲೆ ಒಪ್ಪಿದರು. ಹಾಗೆ ಪ್ರತಿ ಭಾನುವಾರ ಭಾಲ್ಕಿಗೆ ಹೋಗುವುದು ಶುರುವಾಯಿತು.

ಮಾಧವರಾವ್ ಗುರುಜಿ ಸಾತಾರೆಯ ಕಡೆಯವರು. ಚಿಕ್ಕ ವಯಸ್ಸಿನಲ್ಲೇ ವಿಜ್ಞಾನದ ಮಾಸ್ತರರಾಗಿ ಗಡಿ ದಾಟಿ ಬಂದವರು. ಮೊದಲು ಚಿಂತಾಕಿಯಲ್ಲಿ ಒಬ್ಬ ರೈತನ ಮನೆಯ ಹೊರಕೋಣೆಯಲ್ಲಿ ಬಾಡಿಗೆಗಿದ್ದರು. ಆ ಮನೆಯ ಮಗಳು ನಾಗಮ್ಮನನ್ನೇ ಮದುವೆಯಾದರು. ಆಮೇಲೆ ಕಮಲನಗರದ ಮರಾಠಿ ಸಾಲೆಯಲ್ಲಿ ಬಹಳ ವರ್ಷ ಇದ್ದು, ನಿವೃತ್ತಿಯಾಗಿ ಭಾಲ್ಕಿಗೆ ಬಂದು ನೆಲೆಸಿದ್ದರು. ಮನೆಯ ಮುಂದೆ ಹಳೆಯ ಎಣ್ಣೆ ಡಬ್ಬಿಗಳಲ್ಲಿ ಬೇವು, ಬನ್ನಿ, ಹೊಂಗೆಯ ಸಸಿ. ಕೇಳಿದವರಿಗೆ ಕೊಡುತ್ತಿದ್ದರು. ಕೇಳದವರಿಗೂ ಕೊಡುತ್ತಿದ್ದುದರಿಂದ ಓಣಿಯ ಜನ ಅವರನ್ನು ಕಂಡರೆ ಸ್ವಲ್ಪ ತಪ್ಪಿಸಿಕೊಂಡು ಓಡಾಡುತ್ತಿದ್ದರು.

ಪುಸ್ತಕವನ್ನು ಮರಾಠಿಯಲ್ಲೇ ಯಾಕೆ ಅಚ್ಚು ಹಾಕಿಸಲಿಲ್ಲ ಎಂದು ಮೊದಲನೇ ಭಾನುವಾರವೇ ಕೇಳಿದೆ. ಗುರುಜಿ ಒಳಗಡೆ ಕೈ ತೋರಿಸಿದರು. ಅಲ್ಲಿ ನಾಗಮ್ಮನವರು ತೊಗರಿಕಾಯಿ ಸುಲಿಯುತ್ತ ಕೂತಿದ್ದರು.

"ಇಕೀಗಿ ಮರಾಠಿ ಓದಲಿಕ್ಕ ಬರಂಗಿಲ್ಲ. ಮೊದಲು ಇಕೀ ಓದಬೇಕು. ಆಮ್ಯಾಲ ಊರು" ಎಂದರು.

"ಮದಿವ್ಯಾದಾಗಿಂದ ಮುಂಜಾನೆದ್ದು ಬರೀತಾರವ್ವಾ" ಎಂದು ನಾಗಮ್ಮ ಒಳಗಿನಿಂದಲೇ ಹೇಳಿದರು. "ಏನ್ ಬರೀತೀರಿ ಅಂದ್ರ, ಮಣ್ಣಿನ ಬಗ್ಗಿ ಅಂತಾರ. ನಮ್ಮಪ್ಪಗ ಅಷ್ಟು ಹೊಲ ಇತ್ತು, ಮಣ್ಣಿನ ಬಗ್ಗಿ ಎರಡು ಮಾತು ಆಡಿದ್ದು ನಾ ಕೇಳಿಲ್ಲ. ಅದರಾಗ ಇಷ್ಟು ಏನದ ಅಂತ ನನಗ ನೋಡಬೇಕಾಗ್ಯಾದ."

ಅವರು ದಿನಾ ಬೆಳಿಗ್ಗೆ ಕನ್ನಡಕ ಹಾಕಿಕೊಂಡು ವಚನ ಓದುವವರು. ಓದಿನ ರುಚಿ ಇದ್ದವರಿಗೆ ಗಂಡನ ಬರಹವೇ ಓದಲಿಕ್ಕೆ ಬಾರದಿದ್ದರೆ ಹೇಗಿರಬೇಡ. ಆ ಮನೆಯಲ್ಲಿ ಅವರವರ ಕನ್ನಡ ಅವರವರು ಮಾತಾಡುತ್ತಿದ್ದರು. ಗುರುಜಿಯ ಕನ್ನಡದಲ್ಲಿ ಆದರೆ ಎನ್ನಲು ಮರಾಠಿಯ 'ಪಣ', ಆಮೇಲೆ ಎನ್ನಲು 'ಮಗ' ಆಗಾಗ ಬರುತ್ತಿತ್ತು, ಸಿಟ್ಟಿಗೆದ್ದರೆ ಪೂರಾ ಮರಾಠಿ. ನಾಗಮ್ಮನವರು ಸಿಟ್ಟಿಗೆದ್ದಾಗ ಸುಮ್ಮನಿರುತ್ತಿದ್ದರು, ಅದು ಎರಡೂ ಭಾಷೆಯಲ್ಲಿ ತಿಳಿಯುತ್ತಿತ್ತು.

ಪೂರ್ವಜರು ಎಲ್ಲವನ್ನೂ ಬಲ್ಲವರಾಗಿದ್ದರು ಎನ್ನುವ ಪುಸ್ತಕಗಳು ನನ್ನ ಕಪಾಟಿನಲ್ಲಿ ಬೇಕಾದಷ್ಟಿದ್ದವು. ಇದೂ ಅಂಥದ್ದೇ ಇರಬೇಕೆಂದು ಮೂಗು ಮುರಿಯುತ್ತಲೇ ಶುರುಮಾಡಿದೆ. ಆದರೆ ಗುರುಜಿ ಒಂದು ಸಾಲಿನಲ್ಲಿ ಋಷಿಗಳ ಮಾತು ಬರೆದರೆ ಮುಂದಿನ ಸಾಲಿನಲ್ಲಿ ಚಿಂತಾಕಿಯ ಎರೆಹೊಲಕ್ಕೆ ಇಳಿಯುತ್ತಿದ್ದರು. ಎರೆಮಣ್ಣು ಬೇಸಿಗೆಯಲ್ಲಿ ಬಿರಿದು ಮೇಲಿನ ಪುಡಿಯನ್ನು ತನ್ನೊಳಗೆ ಬೀಳಿಸಿಕೊಳ್ಳುತ್ತದೆ. ಮಳೆ ಬಂದಾಗ ಉಬ್ಬಿ ಕೆಳಗಿನದನ್ನು ಮೇಲೆ ತಳ್ಳುತ್ತದೆ. ರೈತ ನೇಗಿಲು ಹೂಡುವ ಮೊದಲೇ ನೆಲ ತನ್ನನ್ನು ತಾನು ಉತ್ತುಕೊಂಡಿರುತ್ತದೆ. ಹಾಗಿದ್ದ ಮೇಲೆ ಮಾಡಿದವನು ನಾನೇ ಎಂದು ಮನುಷ್ಯ ಎದೆ ಬಡಿದುಕೊಳ್ಳುವುದು ಯಾಕೆ, ಹಳಬರು ಕರ್ತೃತ್ವ ಬಿಡು ಎಂದದ್ದು ಇದನ್ನೇ ನೋಡಿ ಇರಬಹುದು ಎಂದು ಬರೆದಿದ್ದರು. ಇರಬಹುದು ಎನ್ನುವ ಮಾತನ್ನು ಅವರು ಬಹಳ ಸಲ ಬಳಸುತ್ತಿದ್ದರು. ನನಗೆ ಅದು ಹಿಡಿಸಿತು.

ನೀರಿನ ಅಧ್ಯಾಯದಲ್ಲಿ ಮಾತ್ರ ನಮಗೆ ಜಟಾಪಟಿ ಆಯಿತು. ಪ್ರಾಚೀನ ಹಿಂದೂ ವಿಚಾರದಲ್ಲಿ ನೀರು ತಾಯಿ, ತಾಯಿಗೆ ಯಾರೂ ಒಡೆಯರಿಲ್ಲ, ಆದ್ದರಿಂದ ನಮ್ಮ ಹಳ್ಳಿಗಳಲ್ಲಿ ನೀರು ಎಲ್ಲರದ್ದೂ ಆಗಿತ್ತು ಎಂದು ಕೆಲವು ಪುಟ ಚಂದಾಗಿ ಬರೆದಿದ್ದರು. ನಾನು ಅನುವಾದದ ಹಾಳೆ ಕೆಳಗಿಟ್ಟು, "ಗುರುಜಿ, ನಮ್ಮ ಅಜ್ಜಿ ತನ್ನ ತವರೂರಾಗ ಬಾವಿ ಕಟ್ಟಿ ಏರಿಲ್ಲರಿ. ದೂರ ನಿಂತು, ಯಾರರೇ ಕೊಡದಾಗ ನೀರು ಹಾಕಲಿ ಅಂತ ಕಾಯ್ತಿದ್ದಳು. ತಾಯಿ ಅಂದವರು ಬರೋಬ್ಬರಿ ಅಂದಾರ. ಊರಿಗಿ ಬರೂತನಕ ಆ ಮಾತು ಎಲ್ಲೋ ಬಿದ್ದು ಹೋಗ್ಯಾದ" ಎಂದೆ.

ನಾಗಮ್ಮ ಚಹಾ ತಂದಿಟ್ಟರು, ಆರಿತು. ಕಡೆಗೆ ಗುರುಜಿ ಆ ಪುಟಗಳನ್ನು ತೆಗೆದುಕೊಂಡು ಮೇಲಿನಿಂದ ಕೆಳಗೆ ಗೆರೆ ಎಳೆದರು. ಅವುಗಳ ಜಾಗದಲ್ಲಿ ನನ್ನ ಅಜ್ಜಿಯ ಮಾತನ್ನು ನಾನು ಹೇಳಿದಷ್ಟೇ ಬರೆದುಕೊಂಡರು.

"ಸುಳ್ಳ ಕೆಟ್ಟದಾಗಿ ಇತ್ತಂದ್ರ ಜಲ್ದಿ ಸಾಯ್ತದ. ಚಂದ ಇತ್ತಂದ್ರ ಭಾಳ ದಿನ ಬದಕ್ತದ. ಚಂದನ ಸುಳ್ಳ ನನ್ನ ಪುಸ್ತಕದಾಗ ಬ್ಯಾಡ" ಎಂದರು.

ನನಗೆ ಆ ದಿನ ಅವರ ಮೇಲೆ ದೊಡ್ಡ ಗೌರವ ಬಂತು. ಅದೇ ಮಾತು ಮುಂದೆ ನನಗೇ ತೊಡಕಾಯಿತು.

ಚಳಿ ಬಿದ್ದಿತ್ತು. ಬೆಳಗಿನ ಬಸ್ಸಿನ ಗಾಜಿಗೆ ಮಂಜು ಕಟ್ಟಿ ಹೊರಗೆ ಏನೂ ಕಾಣುತ್ತಿರಲಿಲ್ಲ. ಜೋಳ ಎದೆಮಟ್ಟ ಬೆಳೆದು, ಕಡಲೆ ಹೂಬಿಟ್ಟ ಹೊತ್ತಿಗೆ ನಾನು ಕೊನೆಯ ಅಧ್ಯಾಯಕ್ಕೆ ಬಂದೆ. ಅದರ ಹೆಸರೇ ಪುಸ್ತಕದ ಹೆಸರು: ವೇಳೆಯ ಅಮಾವಾಸ್ಯೆ. ಮೊದಲನೇ ಸಾಲು ಹೀಗಿತ್ತು: "ಮದುವೆಯಾದ ಮೊದಲ ಚಳಿಗಾಲದಲ್ಲಿ ನನ್ನ ಹೆಂಡತಿ, ನಾಳೆ ವೇಳ ಅಮಾವಾಸ್ಯೆ, ಹೊಲಕ್ಕೆ ಹೋಗೋಣ ಎಂದಳು, ನಾನು ಜೀವನದಲ್ಲಿ ಕೇಳಿದ ಅತ್ಯಂತ ದೊಡ್ಡ ಮಾತು ಅದು."

ಓದಿ ನಾನು ಬಸ್ಸಿನಲ್ಲೇ ನಕ್ಕುಬಿಟ್ಟೆ. ಪಕ್ಕದವರು ನೋಡಿದರು.

ಈ ನಗುವಿನ ಕಾರಣ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ, ಉಳಿದವರಿಗೆ ಹೇಳಬೇಕು. ಹಬ್ಬ ಎಳ್ಳ ಅಮಾವಾಸ್ಯೆ. ಎಳ್ಳು ಹಚ್ಚಿದ ಸಜ್ಜೆರೊಟ್ಟಿ ತಿನ್ನುವ ಕಾಲದ ಅಮಾವಾಸ್ಯೆ. ನಮ್ಮ ಮಂದಿ ಎಳ್ಳ ಎನ್ನುವಾಗ ಮುಂದೊಂದು ಯಕಾರ ತಾನಾಗಿ ಸೇರಿ 'ಯೆಳ್ಳ' ಎಂದಾಗುತ್ತದೆ. ಮರಾಠಿಯ ಹಳ್ಳಿಗಾಡಿನಲ್ಲಿ ಹೊತ್ತಿಗೆ, ವೇಳೆಗೆ, 'ಯೇಳ' ಎನ್ನುತ್ತಾರೆ. ಯೆಳ್ಳ ಎಂದದ್ದು ಮರಾಠಿ ಕಿವಿಗೆ ಯೇಳ ಎಂದು ಕೇಳುತ್ತದೆ. ಓದಿದವರು ಅದನ್ನು ಹಳ್ಳಿಯ ಉಚ್ಚಾರವೆಂದು ತಿದ್ದಿ 'ವೇಳ' ಎಂದು ಬರೆಯುತ್ತಾರೆ. ಗಡಿಯ ಆಚೆ ಊರಿಗೆ ಊರೇ ಹಾಗೆ ಬರೆಯುತ್ತದೆ. ಆದರೆ ಗುರುಜಿಯ ಸಾತಾರೆಯ ಕಡೆ ಈ ಹಬ್ಬವೇ ಇಲ್ಲ. ಅವರು ಅದನ್ನು ಮೊದಲು ಕೇಳಿದ್ದು ಹೆಂಡತಿಯ ಬಾಯಲ್ಲಿ. ಮಾಸ್ತರರ ಕಿವಿ, ಕೇಳಿದ್ದನ್ನು ತಿದ್ದಿಯೇ ಒಳಗೆ ಬಿಟ್ಟುಕೊಂಡಿತ್ತು. ಆಮೇಲೆ ಕಮಲನಗರದ ಮರಾಠಿ ಸಾಲೆಯವರೂ ವೇಳ ಎಂದೇ ಹೇಳಿ ಅದನ್ನು ಗಟ್ಟಿ ಮಾಡಿದ್ದರು.

ಬಸ್ಸು ಇಳಿಯುವ ಹೊತ್ತಿಗೆ ನಗು ಹೋಗಿತ್ತು. ಯಾಕೆಂದರೆ ಅಧ್ಯಾಯ ಪೂರ್ತಿ ಆ ಒಂದು ಮಾತಿನ ಮೇಲೆ ನಿಂತಿತ್ತು. ನಾವು ಭೂಮಿಯನ್ನು ಜಾಗ ಎಂದು ತಿಳಿದಿದ್ದೇವೆ, ಅದಕ್ಕೇ ಅಳೆಯುತ್ತೇವೆ, ಮಾರುತ್ತೇವೆ, ಅಗೆದು ಬರಿದು ಮಾಡುತ್ತೇವೆ; ಈ ಸೀಮೆಯ ಒಕ್ಕಲಿಗರಿಗೆ ಮಾತ್ರ ಭೂಮಿ ಒಂದು ವೇಳೆ, ವರ್ಷದಲ್ಲಿ ಒಂದು ದಿನ ಅವರು ಹೊಲಕ್ಕೆ ಹೋಗಿ ವೇಳೆಗೆ ಉಣ್ಣಿಸಿ ಬರುತ್ತಾರೆ ಎನ್ನುವುದು ಅದರ ಸಾರ. ನನಗೆ ಬಹಳ ಹಿಡಿಸಿದ ಅಧ್ಯಾಯ ಅದೇ. ಹೆಂಡತಿಯ ಬಾಯಿಂದ ಬಂದದ್ದೆಂದು ಅವರು ಇಷ್ಟು ವರ್ಷ ಜೋಪಾನ ಮಾಡಿದ ಮಾತನ್ನು ಆಕೆ ಆಡಿಯೇ ಇರಲಿಲ್ಲ. ಕನ್ನಡದಲ್ಲಿ ಅಚ್ಚಾದರೆ ಓದಿದ ಮೊದಲನೆಯವನೇ ನಗುತ್ತಾನೆ. ಹೇಳಿದರೆ ಗುರುಜಿ ಗೆರೆ ಎಳೆಯುತ್ತಾರೆ. ನಾಗಮ್ಮನವರ ಬಗ್ಗೆ ಇದ್ದ ಒಂದೇ ಅಧ್ಯಾಯ ಅವರು ಓದುವ ಮೊದಲೇ ಹೋಗುತ್ತದೆ. ನನಗೆ ಎರಡೂ ಬೇಡವಾಗಿತ್ತು.

ಕಾಶೀನಾಥಪ್ಪನವರನ್ನು ಕೇಳಿದೆ. ಅವರು ತೂಕದ ಬಟ್ಟು ಒರೆಸುತ್ತ ಕೇಳಿಸಿಕೊಂಡರು.

"ಎಳ್ಳೋ ವೇಳೋ, ಜನ ಭಜ್ಜಿ ಉಂಡು ಹೊಲದಾಗ ಮಲಗ್ತಾರ" ಎಂದರು. ಸ್ವಲ್ಪ ಹೊತ್ತು ಬಿಟ್ಟು, "ಪುಸ್ತಕದ ಹೆಸರೇ ತಪ್ಪದ ಅಂದ್ರ ನಾ ಹ್ಯಾಂಗ ಮಾರಲಿ ತಂಗಿ? ನೀನೇ ಹೇಳಿಬಿಡು. ನಿನ್ನ ಹೆಸರು ಹೊರಗ ಬೇಕಂದಿದ್ದಿ, ಈಗ ನೋಡು, ನಗಾಡಿದ್ರ ನಿನ್ನ ಹೆಸರು ಹಿಡದೇ ನಗಾಡ್ತಾರ" ಎಂದರು.

ಮಾತು ಮೊನಚಾಗಿತ್ತು, ಸುಳ್ಳಲ್ಲ. ಆದರೂ ಹೇಳದೆ ಎರಡು ಭಾನುವಾರ ಕಳೆದೆ.

ಅಷ್ಟರಲ್ಲಿ ಹಬ್ಬವೇ ಬಂತು. ನಾಗಮ್ಮನವರ ಅಣ್ಣ ತಮ್ಮಂದಿರು ಚಿಂತಾಕಿಯ ಹೊಲಕ್ಕೆ ಕರೆದಿದ್ದರು, ನನ್ನನ್ನೂ ಬಾ ಎಂದರು. ನಮ್ಮ ಮನೆಯಲ್ಲಿ ಎಳ್ಳ ಅಮಾವಾಸ್ಯೆಗೆ ಪೂಜೆ ಇಲ್ಲ, ಊಟ ಇದೆ. ಆದ್ದರಿಂದ ಯಾವ ಸಂಕೋಚವೂ ಇಲ್ಲದೆ ಹೋದೆ. ಹೊಲದ ನಡುವೆ ಜೋಳದ ದಂಟುಗಳನ್ನು ಕಟ್ಟಿ ಸಣ್ಣ ಕೊಂಪೆ ಮಾಡಿದ್ದರು. ಅದರೊಳಗೆ ಸುಣ್ಣ ಬಳಿದ ಐದು ಕಲ್ಲು. ಪೂಜೆಯಾದ ಮೇಲೆ ಗುರುಜಿಯ ಕೈಗೆ ಚರಗದ ಬುಟ್ಟಿ ಕೊಟ್ಟರು. ಹೊಲಕ್ಕೆಂದು ಮಾಡಿದ ಅಡಿಗೆಯನ್ನು ಬದುವಿನ ಗುಂಟ ಚೆಲ್ಲುತ್ತ ಹೋಗುವುದು ಆ ಮನೆಯಲ್ಲಿ ಅಳಿಯನ ಕೆಲಸ. ಗುರುಜಿ ಧೋತರ ಎತ್ತಿ ಕಟ್ಟಿಕೊಂಡು, ಅರ್ಥ ಯಾರಿಗೂ ಗೊತ್ತಿಲ್ಲದ ಆ ಹಳೆಯ ಕೂಗನ್ನು ಕೂಗುತ್ತ, ಬಸುರಿ ಭೂಮಿಗೆ ಬಯಕೆಯೂಟ ಹಾಕುತ್ತ ಹೋದರು. ಅದಕ್ಕೆ ಬೇರೆಯವರು ತಿರುಗಿ ಕೂಗುವುದು ಅಕ್ಕಪಕ್ಕದ ಹೊಲಗಳಿಂದ ಕೇಳುತ್ತಿತ್ತು. ಗುರುಜಿಯ ಮುಖದಲ್ಲಿದ್ದ ಸಂತೋಷ ನೋಡಿ ನನಗೆ ಹೊಟ್ಟೆಕಿಚ್ಚೂ ಆಯಿತು, ಸಂಕಟವೂ ಆಯಿತು.

ಅವರು ದೂರ ಹೋದದ್ದು ನೋಡಿ ನಾಗಮ್ಮನವರ ಹತ್ತಿರ ಕೂತೆ. "ಆಯಿ, ಕಡೀ ಅಧ್ಯಾಯದಾಗ ನಿಮ್ಮ ಮಾತು ಅದರಿ" ಎಂದು ಎಲ್ಲವನ್ನೂ ಹೇಳಿದೆ. ಮೊದಲನೇ ಸಾಲನ್ನು ಕನ್ನಡದಲ್ಲಿ ಹೇಳಿದಾಗ ಅವರು ರೊಟ್ಟಿ ಬುಟ್ಟಿಯ ಮೇಲಿನ ಬಟ್ಟೆ ಸರಿಮಾಡುವುದನ್ನು ನಿಲ್ಲಿಸಿದರು.

"ಅವರು ವೇಳ ವೇಳ ಅಂತಿರ್ತಾರಲ್ಲ, ನಾ ಅದು ಮರಾಠಿ ಅಂದ್ಕೊಂಡಿದ್ದೆ" ಎಂದರು.

"ಅವರು ಅದು ನಿಮ್ಮ ಕನ್ನಡ ಅಂದ್ಕೊಂಡಾರ."

ನಾಗಮ್ಮ ಬದುವಿನ ಕಡೆ ನೋಡಿದರು. ಗುರುಜಿ ಆಚೆ ಮೂಲೆಯಲ್ಲಿ ಬೇವಿನ ಮರದ ಕೆಳಗೆ ಏನೋ ಚೆಲ್ಲುತ್ತಿದ್ದರು.

"ಇಷ್ಟು ವರ್ಷ ಒಬ್ರ ಭಾಷಾ ಒಬ್ರಿಗಿ ಕೊಟ್ಟು ಸುಮ್ಮ ಕೂತೀವಿ ನೋಡು. ನೀ ಹೇಳಬ್ಯಾಡವ್ವಾ. ನನ್ನ ಬಾಯಿಂದ ಕೇಳ್ಯಾರ, ನನ್ನ ಬಾಯಿಂದೇ ಕೇಳಲಿ."

ಊಟಕ್ಕೆ ಕೂತಾಗ ಅವರೇ ಗಂಡನ ಎಲೆಗೆ ಸಜ್ಜೆರೊಟ್ಟಿ ಹಾಕಿದರು. "ಏನ್ರಿ, ರೊಟ್ಟಿ ಮ್ಯಾಲ ಏನದ?"

"ತೀಳ. ಎಳ್ಳು" ಎಂದರು ಗುರುಜಿ, ಭಜ್ಜಿ ಕಲಸುತ್ತ.

"ಇವತ್ತಿನ ಅಮಾಸಿ ಅದರ ಹೆಸರಿಂದು. ಎಳ್ಳಮಾಸಿ. ವೇಳ ಅಲ್ಲ."

ಗುರುಜಿ ಕೈ ನಿಲ್ಲಿಸಿದರು. ಹೆಂಡತಿಯನ್ನು ನೋಡಿದರು, ಆಮೇಲೆ ನನ್ನನ್ನು. ನಾನು ಅಂಬಲಿಯ ಲೋಟದಲ್ಲಿ ಮುಖ ಹುದುಗಿಸಿದೆ.

"ಆ ವರ್ಷ ನೀ ಎಳ್ಳ ಅಂದಿದ್ದೇನು?"

"ನಾ ಯಾವ ವರ್ಷಾನೂ ಎಳ್ಳ ಅಂತೇನಿ. ನಮ್ಮವ್ವನೂ ಹಂಗೇ ಅಂತಿದ್ದಳು."

ಗುರುಜಿ ಊಟ ಬಿಟ್ಟೇಳಲಿಲ್ಲ. ಹೊಲದಲ್ಲಿ ಎಲೆಯ ಮೇಲೆ ಬಿಡಬಾರದೆಂದು ಎಲ್ಲ ಉಂಡರು. ಕೈತೊಳೆದ ಮೇಲೆ ನನ್ನ ಹತ್ತಿರ ಬಂದು, "ಸುಜಾತಾ, ಆ ಅಧ್ಯಾಯಕ್ಕ ಎಳ್ಳುನೀರು ಬಿಟ್ಟುಬಿಡ್ರಿ. ಪುಸ್ತಕದ ಹೆಸರು ಕಾಶೀನಾಥಪ್ಪನೇ ಇಡಲಿ" ಎಂದರು. ತಾವು ಆಡಿದ ಮಾತಿನಲ್ಲೇ ಎಳ್ಳು ಬಂದದ್ದು ಅವರಿಗೆ ತಡವಾಗಿ ಗೊತ್ತಾಗಿ, ಒಂದು ಗಳಿಗೆ ನಗಲಿಕ್ಕೆ ನೋಡಿದರು, ಆಗಲಿಲ್ಲ.

ನಾನು ವಾದ ಮಾಡಿದೆ. ಬಸುರಿಗೆ ಬಯಕೆಯೂಟ ಹಾಕುವುದು ತಿಂಗಳು ನೋಡಿಯೇ ಅಲ್ಲವೇ, ತುಂಬಿದ ಹೊಲಕ್ಕೆ ಚರಗ ಚೆಲ್ಲುವುದೂ ಹಾಗೆಯೇ, ಹೆಸರು ಎಳ್ಳಿನದಾದರೂ ದಿನ ವೇಳೆಯದೇ, ವಿಚಾರ ಉಳಿಯುತ್ತದೆ ಎಂದೆ. ಗುರುಜಿ ತಲೆ ಅಲ್ಲಾಡಿಸಿದರು. "ಉಳೀತದೋ ಇಲ್ಲೋ, ಇಕೀ ಅಂದಳು ಅಂತ ಬರ್ದೀನಿ. ಇಕೀ ಅಂದಿಲ್ಲ. ಇನ್ನೊಬ್ರ ಬಾಯಾಗ ಮಾತು ಹಾಕಿದ್ದು ಅದು. ನೀರಿನ ಪುಟ ಹೋದಂಗ ಇದೂ ಹೋಗ್ಲಿ." ನಾಗಮ್ಮನವರು ಪಾತ್ರೆಗಳನ್ನು ಕಟ್ಟುತ್ತ ಸುಮ್ಮನಿದ್ದರು. ಅದು ಯಾವ ಬಗೆಯ ಸುಮ್ಮನೆ ಎಂದು ನನಗೆ ತಿಳಿಯಿತು.

ಮುಂದಿನ ಭಾನುವಾರ ನಾನು ಉಳಿದ ಅಧ್ಯಾಯಗಳ ಹಾಳೆ ತೆಗೆದುಕೊಂಡು ಭಾಲ್ಕಿಗೆ ಹೋದಾಗ ಗುರುಜಿ ಒಳಕೋಣೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಬೆಳಿಗ್ಗೆ ಬರೆಯುವುದನ್ನು ನಿಲ್ಲಿಸಿದ್ದರಂತೆ. ಸಸಿಗಳಿಗೆ ನಾಗಮ್ಮನವರೇ ನೀರು ಹಾಕಿದ್ದರು.

"ಆ ಅಧ್ಯಾಯ ತಂದೀ ಏನು?" ಎಂದು ನಾಗಮ್ಮ ಕೇಳಿದರು.

ತಂದಿದ್ದೆ. ಬಿಡುವುದೇ ಆದರೂ ಕನ್ನಡ ಮಾಡಿ ಮುಗಿಸಿದ್ದೆ, ಅರ್ಧ ಮಾಡಿದ ಕೆಲಸ ನನಗೆ ಆಗದು.

"ಅಚ್ಚಿಗಿ ಹೋಗ್ದಿದ್ರ ಹೋಗ್ಲಿ. ನನಗ ಓದಿ ಹೇಳು. ನಾ ಕೇಳಬೇಕು."

ಪಡಸಾಲೆಯಲ್ಲಿ ಕೂತು ಓದಲಿಕ್ಕೆ ಶುರುಮಾಡಿದೆ. ನಾಳೆ ವೇಳ ಅಮಾವಾಸ್ಯೆ ಎಂದಳು ಎನ್ನುವಷ್ಟರಲ್ಲಿ ನಾಗಮ್ಮ ತಡೆದರು. "ವೇಳ ಅಂದಿಲ್ಲ, ಎಳ್ಳ ಅಂದೀನಿ. ತಿದ್ದಿ ಓದು." ತಿದ್ದಿ ಓದಿದೆ. ಮುಂದೆ ವೇಳೆ ಎಂದು ಬಂತು. "ಅಲ್ಲೂ ತಿದ್ದು. ಒಂದು ಕಡಿ ತಿದ್ದಿದ ಮ್ಯಾಲ ಎಲ್ಲಾ ಕಡಿ ತಿದ್ದಬೇಕಲ್ಲ" ಎಂದರು. ಅವರ ಮುಖ ಗಂಭೀರವಾಗಿತ್ತು. ನಾನೂ ಗಂಭೀರವಾಗಿಯೇ ಓದಿದೆ:

"ಭೂಮಿ ಎನ್ನುವುದು ಜಾಗವಲ್ಲ, ಎಳ್ಳು. ನಮ್ಮ ಪೂರ್ವಜರು ಎಳ್ಳಿಗೆ ಹೆದರುತ್ತಿದ್ದರು. ಎಳ್ಳು ಅರಸನನ್ನೂ ಬಿಡುವುದಿಲ್ಲ, ಬಡವನನ್ನೂ ಬಿಡುವುದಿಲ್ಲ, ಎಲ್ಲರನ್ನೂ ನುಂಗುತ್ತದೆ."

"ಎಳ್ಳು ನುಂಗ್ತದೇನು?" ಎಂದರು ನಾಗಮ್ಮ.

"ಹೋದ ಎಳ್ಳು ತಿರುಗಿ ಬರುವುದಿಲ್ಲ ಎಂದು ತಿಳಿದವನೇ ಜ್ಞಾನಿ" ಎಂದು ಓದಿದೆ. ಮುಂದೆ ಓದಲು ನನ್ನಿಂದ ಆಗಲಿಲ್ಲ. ನಾಗಮ್ಮನವರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು, ಭುಜ ಅಲುಗುತ್ತಿತ್ತು. ಒಳಗಿನಿಂದ ಕೆಮ್ಮಿನಂಥ ಸದ್ದು ಬಂತು. ಗುರುಜಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು, ನಗುತ್ತ, ಕಣ್ಣೊರೆಸಿಕೊಳ್ಳುತ್ತ. ಬಂದು ಹೆಂಡತಿಯ ಪಕ್ಕ ಚಾಪೆಯ ಮೇಲೆ ಕೂತರು.

ನಗು ನಿಂತ ಮೇಲೆ ನಾಗಮ್ಮ ಅವರಿಗೆ ಹೇಳಿದರು: "ಎಳ್ಳು ಹಾಕಿದ್ರ ಇದು ನಡಿಯಂಗಿಲ್ಲ. ವೇಳೇನೇ ಇರ್ಲಿ. ಖರೆ, ನಾ ಅಂದೆ ಅಂತ ಬರೀಬ್ಯಾಡ್ರಿ. ನಾ ಅಂದದ್ದು ಒಂದು, ನೀವು ಕೇಳಿದ್ದು ಒಂದು. ಎರಡೂ ಬರೀರಿ. ಅದರಾಗ ಸುಳ್ಳ ಏನದ?"

ಆ ಅಧ್ಯಾಯ ಉಳಿಯಲಿ ಎಂದು ನನಗೆ ಬಹಳ ಆಸೆಯಿತ್ತು. ಗುರುಜಿ ನನ್ನ ಕೈಯಿಂದ ಹಾಳೆ ಮತ್ತು ಪೆನ್ಸಿಲ್ ತೆಗೆದುಕೊಂಡರು. ಮೊದಲನೇ ಸಾಲಿನ ಮೇಲೆ ಗೆರೆ ಎಳೆದು, ಮಗ್ಗುಲಲ್ಲಿ ಕನ್ನಡದಲ್ಲಿ ಬರೆಯತೊಡಗಿದರು. ಅಂಗಡಿಗಳ ಬೋರ್ಡು ನೋಡಿ ಕಲಿತ ಕನ್ನಡ, ಒಂದೊಂದು ಅಕ್ಷರಕ್ಕೂ ನಿಂತು ನಿಂತು ಬರೆದರು. ನನ್ನ ಹೆಂಡತಿ ಎಳ ಅಂದಳು, ನಾನು ವೇಳ ಅಂತ ಕೇಳಿದೆ. ಬರೆದು ನಾಗಮ್ಮನವರ ಮುಂದೆ ಹಿಡಿದರು. ಅವರು ಕನ್ನಡಕ ಹಾಕಿಕೊಂಡು ನೋಡಿ, ಪೆನ್ಸಿಲ್ ಇಸಿದುಕೊಂಡು, ಎಳ ಎಂದಿದ್ದ ಕಡೆ ಳಕಾರದ ಕೆಳಗೆ ಬಿಟ್ಟುಹೋದ ಒತ್ತನ್ನು ಹಾಕಿದರು.

ಕಾಶೀನಾಥಪ್ಪನವರು ಆ ಸಾಲು ಓದಿ, ಇದೇನು ಪುಸ್ತಕದ ಕೊನೆಗೆ ಗಂಡ ಹೆಂಡತಿಯ ಜಗಳ ಎಂದರು. ಆದರೂ ಹಾಗೇ ಅಚ್ಚು ಹಾಕಿಸಿದರು, ಹೆಸರನ್ನೂ ಬದಲಿಸಲಿಲ್ಲ. ನನ್ನ ಹೆಸರು ಮುಖಪುಟದ ಮೇಲೆ ಬಂತು, ಓದಲಿಕ್ಕೆ ಕಣ್ಣು ಕಿರಿದು ಮಾಡಬೇಕು. ಪುಸ್ತಕ ಎಷ್ಟು ಹೋಯಿತೋ ನಾನು ಕೇಳಲಿಲ್ಲ. ಯಾರಾದರೂ ನಗಾಡಿದ್ದು ನನ್ನ ಕಿವಿಗೆ ಬೀಳಲಿಲ್ಲ. ನಾನು ಬೇಸಿಗೆಯಲ್ಲಿ ಬೀದರಿಗೆ ವರ್ಗವಾಗಿ ಬಂದೆ.

ಅದಕ್ಕೂ ಮೊದಲು, ಬಿಸಿಲು ಏರುತ್ತಿದ್ದ ಒಂದು ದಿನ, ಬಂಡಲಿನಿಂದ ಆಗತಾನೆ ಬಿಚ್ಚಿದ ಪ್ರತಿಗಳನ್ನು ಭಾಲ್ಕಿಗೆ ನಾನೇ ಒಯ್ದಿದ್ದೆ. ಗುರುಜಿ ಪುಸ್ತಕ ಮುಟ್ಟದೆ, ಸಸಿಗಳ ಹತ್ತಿರ ಏನೋ ಕೆಲಸವಿದ್ದವರಂತೆ ಓಡಾಡುತ್ತಿದ್ದರು, ಕಣ್ಣು ಮಾತ್ರ ಪಡಸಾಲೆಯ ಕಡೆಗಿತ್ತು. ನಾಗಮ್ಮನವರು ಕೈ ಒರೆಸಿಕೊಂಡು, ಕನ್ನಡಕ ಹಾಕಿಕೊಂಡು, ಪುಸ್ತಕವನ್ನು ಹಿಂದಿನಿಂದ ತೆರೆದರು. ಕೊನೆಯ ಅಧ್ಯಾಯದ ಮೊದಲನೇ ಸಾಲನ್ನು ವಚನ ಓದುವ ಹಾಗೆ ಗಟ್ಟಿಯಾಗಿ ಓದಿದರು. ಇನ್ನೊಮ್ಮೆ ಓದಿದರು. ಆಮೇಲೆ ಪುಟದ ನಡುವೆ ಬೆರಳಿಟ್ಟು ಪುಸ್ತಕ ಮುಚ್ಚಿ, ಗಂಡನಿಗೂ ಕೇಳುವಂತೆ ನನಗೆ ಹೇಳಿದರು:

"ಈ ಸಾಲು ನಂದು. ಉಳಿದದ್ದು ಅವರು ಬರ್ದಾರ, ಸಾವಕಾಶ ಓದ್ತೇನಿ."